ಗೂಡಂಗಡಿಗೆ ಬಂದ ಕ್ಯೂಆರ್ ಕೋಡ್

ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ: ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟಿನ ಹಿಂಬದಿಗೆ ಬಾಕಿ ಬರೆದುಕೊಡುತ್ತಿದ್ದರು. ಇಳಿಯುವ ಗಡಿಬಿಡಿಯಲ್ಲಿ ಕೇಳಲು ಮರೆತರೆ ಅದು ಹೋದಂತೆಯೇ. ಕಿರಾಣಿ ಅಂಗಡಿಯಲ್ಲಿ ಆ ಬಾಕಿ ಎರಡು ಚಾಕೊಲೇಟಾಗಿ ಕೈಗೆ ಬರುತ್ತಿತ್ತು. ಚಿಲ್ಲರೆಯ ಈ ಕಾಟವನ್ನು ಬಹುಮಟ್ಟಿಗೆ ತಗ್ಗಿಸಿದ್ದು ಯುಪಿಐ. ಆದರೆ ಅಂಗಡಿಯವರ ಬದುಕಿನಲ್ಲಿ ಅದು ತಂದ ಬದಲಾವಣೆ ಚಿಲ್ಲರೆಗಿಂತ ದೊಡ್ಡದು.

ಮೊದಲು ಕ್ಯೂಆರ್ ಕೋಡ್ ಎಂಬ ಆ ಕಪ್ಪು-ಬಿಳುಪು ಚೌಕದ ವಿಚಾರ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಎಂಜಿನಿಯರ್ ಮಸಾಹಿರೊ ಹಾರಾ ಮತ್ತವರ ತಂಡ ಇದನ್ನು ರೂಪಿಸಿತು. ಕಾರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಲೆಕ್ಕ ಇಡಲು ಬೇಕಾಗಿದ್ದ ಗುರುತು ಅದು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳನ್ನು ನೋಡಿ ಕ್ಯಾಮೆರಾ ದಿಕ್ಕು ಕಂಡುಕೊಳ್ಳುತ್ತದೆ. ಹಾಗಾಗಿ ಓರೆಯಾಗಿ ಹಿಡಿದರೂ ಓದುತ್ತದೆ. ಅಳಿಸಿಹೋದ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ ತುಂಬಿಕೊಳ್ಳುವ ಉಪಾಯವೂ ಅದರೊಳಗಿದೆ. ಹೆಚ್ಚೆಂದರೆ ಶೇ 30ರಷ್ಟು ಭಾಗ ಅಳಿಸಿದರೂ ಕೆಲಸ ನಡೆಯುವಂತೆ ಅದನ್ನು ಮಾಡಬಹುದು. ಚಹಾ ಚೆಲ್ಲಿ, ಬಿಸಿಲಿಗೆ ಮಾಸಿದ ಸ್ಟಿಕ್ಕರ್ ಕೂಡ ದುಡ್ಡು ತರುವುದು ಇದರಿಂದಲೇ. ಕಂಪನಿ ತನ್ನ ಪೇಟೆಂಟಿನ ಹಕ್ಕನ್ನು ಚಲಾಯಿಸದೆ ಎಲ್ಲರ ಬಳಕೆಗೆ ಬಿಟ್ಟಿತು. ಅಂಥ ಉದಾರತೆ ಇಲ್ಲದಿದ್ದರೆ ಇದು ಗೂಡಂಗಡಿಯವರೆಗೆ ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಅಂಗಡಿಯ ಕೋಡಿನೊಳಗೆ ದುಡ್ಡಿಲ್ಲ, ಗುಟ್ಟೂ ಇಲ್ಲ. ಇರುವುದು ವ್ಯಾಪಾರಿಯ ಹೆಸರು ಮತ್ತು ದುಡ್ಡು ಎಲ್ಲಿಗೆ ಹೋಗಬೇಕೆಂಬ ವಿಳಾಸ. ಉಳಿದ ಕೆಲಸ ಗ್ರಾಹಕರ ಫೋನು ಮತ್ತು ಎರಡೂ ಕಡೆಯ ಬ್ಯಾಂಕುಗಳದ್ದು. ಕಾರ್ಡು ಉಜ್ಜುವ ಯಂತ್ರಕ್ಕೆ ದುಡ್ಡು ಹಾಕಬೇಕಿತ್ತು. ಇಲ್ಲಿ ಒಂದು ಹಾಳೆ ಸಾಕು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರ ಏಪ್ರಿಲ್ 11ರಂದು 21 ಬ್ಯಾಂಕುಗಳೊಡನೆ ಯುಪಿಐಯನ್ನು ಪ್ರಯೋಗವಾಗಿ ಶುರುಮಾಡಿತು. ಅದೇ ವರ್ಷದ ನವೆಂಬರಿನ ನೋಟು ರದ್ದತಿ ಜನರನ್ನು ಅದರತ್ತ ತಳ್ಳಿತು. 2020ರ ಜನವರಿಯಿಂದ ವ್ಯಾಪಾರಿಗಳಿಗೆ ಶುಲ್ಕವೂ ಇಲ್ಲವಾಯಿತು. 2023ರ ಆಗಸ್ಟಿನಲ್ಲಿ ತಿಂಗಳ ವಹಿವಾಟಿನ ಸಂಖ್ಯೆ 1,000 ಕೋಟಿ ದಾಟಿತು. ಎರಡೇ ವರ್ಷಕ್ಕೆ ಅದು 2,000 ಕೋಟಿ.

ಹಾಗೆಂದು ನೋಟು ಮಾಯವಾಗಿಲ್ಲ. ನೋಟು ರದ್ದತಿಗೆ ಮುಂಚೆ ಸುಮಾರು 18 ಲಕ್ಷ ಕೋಟಿ ರೂಪಾಯಿ ನಗದು ಚಲಾವಣೆಯಲ್ಲಿತ್ತು. 2025ರಲ್ಲಿ ಅದು 35 ಲಕ್ಷ ಕೋಟಿಗೂ ಹೆಚ್ಚು.

ಅಂಗಡಿಯವರಿಗೆ ಕೋಡಿಗಿಂತ ಹೆಚ್ಚು ನೆರವಾದದ್ದು ಮಾತಾಡುವ ಡಬ್ಬಿ. ಬಜ್ಜಿ ಕರಿಯುವವರ ಕೈ ಎಣ್ಣೆಯಲ್ಲಿರುತ್ತದೆ, ಸುತ್ತ ಗಿರಾಕಿಗಳು. ಪ್ರತಿಯೊಬ್ಬರ ದುಡ್ಡು ಬಂತೇ ಎಂದು ಫೋನು ನೋಡುವುದಾದರೂ ಹೇಗೆ? ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ‘ಕಳಿಸಿದೀನಿ ಅಣ್ಣ’ ಎಂದು ಹೋಗುವವರೂ ಇದ್ದರು. ಸಿಮ್ ಹಾಕಿದ ಈ ಚಿಕ್ಕ ಡಬ್ಬಿ ಖಾತೆಗೆ ಜಮೆಯಾದ ಮೊತ್ತವನ್ನು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಓದಲು ಬಾರದ ಹೂವಿನ ಅಜ್ಜಿಗೂ ಅದು ಆಸರೆ. ತಂತ್ರಜ್ಞಾನ ಯಾರಿಗಾಗಿ ಎಂಬುದನ್ನು ನಿಜವಾಗಿ ಯೋಚಿಸಿ ಮಾಡಿದ ಸಾಧನ ಎಂದು ಇದನ್ನು ಧಾರಾಳವಾಗಿ ಮೆಚ್ಚಬಹುದು.

ಇನ್ನು ದೊಡ್ಡ ಬದಲಾವಣೆ. ಗಲ್ಲಾಪೆಟ್ಟಿಗೆಗೆ ಬಿದ್ದ ನೋಟು ತಾನು ಎಲ್ಲಿಂದ ಬಂದೆ ಎಂದು ಹೇಳುವುದಿಲ್ಲ. ಯುಪಿಐಯಲ್ಲಿ ಬಂದ ಹತ್ತು ರೂಪಾಯಿಗೂ ದಿನಾಂಕ, ಸಮಯ, ಕಳಿಸಿದವರ ಹೆಸರು ಉಳಿಯುತ್ತದೆ. ಸಣ್ಣ ವ್ಯಾಪಾರಿಯ ದಿನದ ದುಡಿಮೆಯನ್ನು ಬ್ಯಾಂಕಿನ ಪುಸ್ತಕಕ್ಕೆ ತರುವ ಕೆಲಸ ಕರ್ನಾಟಕದಲ್ಲಿ ಹಳೆಯದೇ. 1928ರಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಉಡುಪಿಯಲ್ಲಿ ಪಿಗ್ಮಿ ಯೋಜನೆ ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೇ ಬಂದು ಸಂಗ್ರಹಿಸಿತು. ಪಿಗ್ಮಿಯಲ್ಲಿ ಎಷ್ಟು ತೋರಿಸಬೇಕೆಂಬುದು ವ್ಯಾಪಾರಿಯ ಕೈಯಲ್ಲಿತ್ತು. ಕ್ಯೂಆರ್‌ನಲ್ಲಿ ಹಾಗಿಲ್ಲ.

ಈ ದಾಖಲೆಯಿಂದ ಲಾಭವಿದೆ. ಆಸ್ತಿಪತ್ರವಿಲ್ಲದ ತಳ್ಳುಗಾಡಿಯವರಿಗೂ ಖಾತೆಯ ವಹಿವಾಟು ನೋಡಿ ಸಾಲ ಕೊಡುವವರಿದ್ದಾರೆ. 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಾಗಿ 10,000 ರೂಪಾಯಿ ಸಾಲ ಕೊಟ್ಟು, ಡಿಜಿಟಲ್ ವ್ಯವಹಾರಕ್ಕೆ ಪ್ರೋತ್ಸಾಹಧನವನ್ನೂ ಇಟ್ಟಿತು.

ಅದೇ ದಾಖಲೆ 2025ರ ಜುಲೈಯಲ್ಲಿ ನೋಟಿಸಾಗಿಯೂ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮಾಹಿತಿ ನೋಡಿ, ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳನ್ನು ಪ್ರಶ್ನಿಸಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತು ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಬೋರ್ಡು ತೂಗುಹಾಕಿದರು. ಪ್ರತಿಭಟನೆಯ ನಂತರ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಬೇಕು ಎಂದು ಸರ್ಕಾರ ಹೇಳಿತು.

ಕಾನೂನು ಹೊಸದಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಬೇಕು. 40 ಲಕ್ಷ ದೊಡ್ಡ ಮೊತ್ತವೆನಿಸಬಹುದು. ದಿನಕ್ಕೆ ಹಂಚಿದರೆ ಸುಮಾರು 11,000. ಇದು ಮಾರಾಟದ ಲೆಕ್ಕ, ಲಾಭದ್ದಲ್ಲ. ಬಿಸ್ಕತ್ತು ಮಾರಿ ರೂಪಾಯಿಗೆ ಕೆಲವೇ ಪೈಸೆ ಉಳಿಸುವವರು ಈ ಗೆರೆಯನ್ನು ಸುಲಭವಾಗಿ ಮುಟ್ಟುತ್ತಾರೆ. ಅದೇ ಖಾತೆಗೆ ತಮ್ಮ ಕೊಟ್ಟ ಕೈಸಾಲ, ಚೀಟಿ ಎತ್ತಿದ ಹಣ ಕೂಡ ಬಂದಿರುತ್ತದೆ. ತೆರಿಗೆಯೇ ಇಲ್ಲದ ತಾಜಾ ತರಕಾರಿಯನ್ನಷ್ಟೇ ಮಾರುವವರು, ಎಷ್ಟೇ ಮಾರಿದರೂ, ನೋಂದಣಿ ಮಾಡಿಸಬೇಕಿಲ್ಲ. ಆದರೆ ತಾವು ಮಾರಿದ್ದು ತರಕಾರಿಯೇ ಎಂದು ತೋರಿಸಲು ಅವರ ಬಳಿ ಕಾಗದ ಬೇಕು.

ಇಲ್ಲಿ ತಪ್ಪಿದ್ದು ವ್ಯವಸ್ಥೆ ಎಂದೇ ನಾನು ಹೇಳುತ್ತೇನೆ. ಸ್ಟಿಕ್ಕರ್ ಅಂಟಿಸಲು ಅಂಗಡಿಯಿಂದ ಅಂಗಡಿಗೆ ಜನ ಬಂದರು. ಕಿರ್ದಿ ಬರೆಯುವುದು, ಖರೀದಿ ಬಿಲ್ ಇಡುವುದು ಹೇಗೆಂದು ಹೇಳಿಕೊಡಲು ಅದೇ ಹುರುಪಿನಿಂದ ಯಾರೂ ಬರಲಿಲ್ಲ. ಅಂಗಡಿಗೇ ಬೇರೆ ಖಾತೆ, ಮನೆಯ ದುಡ್ಡಿಗೆ ಬೇರೆ ಖಾತೆ ಎಂಬ ಒಂದು ಮಾತು ಮೊದಲೇ ತಿಳಿದಿದ್ದರೂ ಎಷ್ಟೋ ಜನರ ನಿದ್ದೆ ಕೆಡುತ್ತಿರಲಿಲ್ಲ. 1.5 ಕೋಟಿಯವರೆಗೆ ವಹಿವಾಟಿರುವ ವ್ಯಾಪಾರಿಗಳು ಶೇ 1ರಷ್ಟು ಕಟ್ಟಿ ಮುಗಿಸುವ ರಾಜಿ ತೆರಿಗೆ ಪದ್ಧತಿ ಇದೆ ಎಂಬುದೂ ಬಹಳ ಜನರಿಗೆ ನೋಟಿಸು ಬಂದ ಮೇಲೆ ತಿಳಿಯಿತು.

ನಿಮ್ಮ ಮನೆಯಲ್ಲಿ ಬಿ.ಕಾಂ. ಓದುವ ಮಗನೋ ಮಗಳೋ ಇದ್ದರೆ, ನೀವು ದಿನವೂ ಹಾಲು-ಬ್ರೆಡ್ಡು ತರುವ ಅಂಗಡಿಗೆ ಒಂದು ಮಧ್ಯಾಹ್ನ ಕಳಿಸಿಕೊಡಿ. ಆ ತಿಂಗಳ ಖರೀದಿ ಬಿಲ್ಲುಗಳನ್ನು ಒಟ್ಟುಮಾಡಿ ಬ್ಯಾಂಕಿನ ಸ್ಟೇಟ್‌ಮೆಂಟಿನೊಡನೆ ತಾಳೆ ನೋಡುವುದನ್ನು ಅಂಗಡಿಯವರಿಗೆ ಕಲಿಸಿಕೊಡಲಿ.