ಕಾಫಿ ಕಣದ ಎಚ್ಚರ ಹಸುವಿನ ಕೊಟ್ಟಿಗೆಗೂ ಬರಬೇಕು

ಬಾಬಾಬುಡನ್‌ಗಿರಿ ತಪ್ಪಲಿನ ಕಾಫಿ ಬೆಳೆಗಾರನಿಗೆ ಬೂಷ್ಟು ಹೊಸ ಶತ್ರುವಲ್ಲ. ಕಣದಲ್ಲಿ ಹರಡಿದ ಕಾಫಿ ಸರಿಯಾಗಿ ಒಣಗದಿದ್ದರೆ ಅದರಲ್ಲಿ ಓಕ್ರಾಟಾಕ್ಸಿನ್ ಎಂಬ ಬೂಷ್ಟು ವಿಷ ಸೇರಬಹುದು. ಐರೋಪ್ಯ ಒಕ್ಕೂಟ 2005ರಲ್ಲಿ ಹುರಿದ ಕಾಫಿಗೆ ಕಿಲೋಗ್ರಾಂಗೆ 5 ಮೈಕ್ರೋಗ್ರಾಂ ಎಂಬ ಮಿತಿ ವಿಧಿಸಿತು. 2023ರಿಂದ ಅದನ್ನು 3ಕ್ಕೆ ಇಳಿಸಿತು. ಪರಿಣಾಮವಾಗಿ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಳೆಗಾರರಿಗೆ ತೇವಾಂಶವೆಂಬುದು ಬೆಲೆಯ ಪ್ರಶ್ನೆ ಮಾತ್ರವಲ್ಲ, ಸುರಕ್ಷತೆಯ ಪ್ರಶ್ನೆಯೂ ಆಯಿತು.

ಇದೇ ಬೆಟ್ಟಸಾಲಿನ ಅನೇಕ ಮನೆಗಳಲ್ಲಿ ಕಾಫಿಯ ಜೊತೆಗೆ ಒಂದೆರಡು ಹಸುಗಳೂ ಇವೆ. ಆ ಹಸುಗಳ ಮೇವು, ಹಿಂಡಿಗೂ ಬೂಷ್ಟು ಹಿಡಿಯುತ್ತದೆ. ಅಲ್ಲಿ ಹುಟ್ಟುವ ವಿಷ ಹಡಗು ಹತ್ತಿ ದೂರದೇಶಕ್ಕೆ ಹೋಗುವುದಿಲ್ಲ. ನಮ್ಮ ಮಕ್ಕಳ ಹಾಲಿನ ಲೋಟಕ್ಕೆ ಬರುತ್ತದೆ. ಆದರೆ ಕಾಫಿಯ ಮೇಲಿರುವಷ್ಟು ಕಣ್ಣು ಕೊಟ್ಟಿಗೆಯ ಮೂಟೆಯ ಮೇಲೆ ಇಲ್ಲ.

ಸಮೀಕ್ಷೆ ತೋರಿಸಿದ್ದೇನು?

ಹಾಲಿನ ಅಪಾಯವೆಂದರೆ ನಗರವಾಸಿಗಳಿಗೆ ಮೊದಲು ನೆನಪಾಗುವುದು ಕಲಬೆರಕೆ. ನೀರು, ಯೂರಿಯಾ, ಡಿಟರ್ಜೆಂಟ್ ಇತ್ಯಾದಿ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ನಡೆಸಿ, 2019ರ ಅಕ್ಟೋಬರಿನಲ್ಲಿ ಬಿಡುಗಡೆ ಮಾಡಿದ ರಾಷ್ಟ್ರೀಯ ಸಮೀಕ್ಷೆ ಬೇರೆಯದೇ ಚಿತ್ರ ನೀಡಿತು. ದೇಶದಾದ್ಯಂತ ಸಂಗ್ರಹಿಸಿದ 6,432 ಮಾದರಿಗಳ ಪೈಕಿ ಅಪಾಯಕಾರಿ ಕಲಬೆರಕೆ ಕಂಡದ್ದು ಕೇವಲ 12ರಲ್ಲಿ. ಅಫ್ಲಾಟಾಕ್ಸಿನ್ ಎಂ1 ಎಂಬ ಬೂಷ್ಟು ವಿಷ ಮಿತಿ ಮೀರಿದ್ದು 368ರಲ್ಲಿ, ಅಂದರೆ ಶೇ 5.7ರಷ್ಟು. ಆಂಟಿಬಯಾಟಿಕ್ ಅಂಶ ಮಿತಿ ಮೀರಿದ್ದು 77ರಲ್ಲಿ. ಎಂ1 ಮಿತಿ ಮೀರಿದ ಮಾದರಿಗಳಲ್ಲಿ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನವೇ ಹೆಚ್ಚಾಗಿದ್ದವು.

ಇದಕ್ಕೂ ಮೊದಲೇ, ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ಮಾರಾಟವಾಗುತ್ತಿದ್ದ ಹಾಲನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೂಡ ಈ ವಿಷವನ್ನು ಗುರುತಿಸಿತ್ತು. ಪ್ಯಾಕೆಟ್ ಆಗಲಿ, ಕುದಿಸುವುದಾಗಲಿ ಇದಕ್ಕೆ ರಕ್ಷಣೆಯಲ್ಲ. ಪಾಶ್ಚರೀಕರಣ ರೋಗಾಣುಗಳನ್ನು ಕೊಲ್ಲುತ್ತದೆ. ಅಫ್ಲಾಟಾಕ್ಸಿನ್ ಜೀವಿಯಲ್ಲ, ರಾಸಾಯನಿಕ. ಶಾಖಕ್ಕೆ ಅದು ಬಗ್ಗುವುದಿಲ್ಲ. ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಪನೀರ್, ಚೀಸ್‌ಗಳಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ.

ಮೂಟೆಯಿಂದ ಲೋಟಕ್ಕೆ

ಅಫ್ಲಾಟಾಕ್ಸಿನ್ ಬೆಳಕಿಗೆ ಬಂದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ. ಭಾರತದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿ ಜಿಲ್ಲೆಗಳಲ್ಲಿ ಮಳೆಗೆ ನೆಂದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ತೊಂದರೆಯಿಂದ ಪ್ರಾಣ ಕಳೆದುಕೊಂಡರು. ಹಾಲಿನಲ್ಲಿರುವ ಪ್ರಮಾಣ ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ; ಅದನ್ನು ಕುಡಿದ ಮರುದಿನ ಯಾರೂ ಕಾಯಿಲೆ ಬೀಳುವುದಿಲ್ಲ. ಆತಂಕವಿರುವುದು ವರ್ಷಗಟ್ಟಲೆ, ದಿನವೂ, ಅದರಲ್ಲೂ ಪುಟ್ಟ ಮಕ್ಕಳು ಸೇವಿಸುವುದರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಫ್ಲಾಟಾಕ್ಸಿನ್‌ಗಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗದಲ್ಲಿ ಇರಿಸಿದೆ.

ಮೆಕ್ಕೆಜೋಳ, ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿಗಳಲ್ಲಿ ಬೆಳೆಯುವ ಬೂಷ್ಟು ಬಿ1 ಎಂಬ ವಿಷವನ್ನು ಸ್ರವಿಸುತ್ತದೆ. ಹಸುವಿನ ಯಕೃತ್ತು ಅದನ್ನು ಎಂ1 ಆಗಿ ಮಾರ್ಪಡಿಸುತ್ತದೆ. ತಿಂದ ವಿಷದ ಶೇ 1ರಿಂದ 2ರಷ್ಟು, ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಶೇ 6ರವರೆಗೂ, ಹಾಲಿಗೆ ಇಳಿಯುತ್ತದೆ.

ಒಂದು ಸರಳ ಲೆಕ್ಕ ನೋಡೋಣ. ಪಶು ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಮಿತಿ ಕಿಲೋಗೆ 20 ಮೈಕ್ರೋಗ್ರಾಂ ಬಿ1. ದಿನಕ್ಕೆ 5 ಕಿಲೋ ತಿಂದು 10 ಲೀಟರ್ ಹಾಲು ಕೊಡುವ ಹಸುವಿನ ಹೊಟ್ಟೆಗೆ 100 ಮೈಕ್ರೋಗ್ರಾಂ ಸೇರಿ, ಶೇ 2ರಂತೆ ಲೀಟರಿಗೆ 0.2 ಮೈಕ್ರೋಗ್ರಾಂ ಎಂ1 ಬರುತ್ತದೆ. ನಮ್ಮ ದೇಶದ ಮಿತಿ 0.5, ಹಾಲು ಸುರಕ್ಷಿತ. ಅದೇ ಆಹಾರ ಒದ್ದೆ ನೆಲದ ಮೇಲೆ ಬೂಷ್ಟು ಹಿಡಿದು ವಿಷ ಐದು ಪಟ್ಟಾದರೆ ಲೀಟರಿಗೆ 1 ಮೈಕ್ರೋಗ್ರಾಂ, ಅಂದರೆ ಮಿತಿಯ ಎರಡರಷ್ಟು. ಯುರೋಪಿನಲ್ಲಿ ಮಿತಿ ನಮ್ಮದರ ಹತ್ತನೇ ಒಂದು ಭಾಗ, 0.05 ಮಾತ್ರ ಎಂಬುದನ್ನೂ ಇಲ್ಲಿ ನೆನೆಯಬೇಕು.

ಮಲೆನಾಡಿನ ಮುಂಗಾರು ಈ ಲೆಕ್ಕವನ್ನು ಕೆಡಿಸಲು ಸಾಕು. ಬಯಲುಸೀಮೆಯಿಂದ ಬರುವ ಮೆಕ್ಕೆಜೋಳ, ಕಾರ್ಖಾನೆಯಿಂದ ಬರುವ ಪಶು ಆಹಾರದ ಮೂಟೆ ಘಟ್ಟ ಹತ್ತುವಾಗ ಚೆನ್ನಾಗಿಯೇ ಇರಬಹುದು. ತಿಂಗಳುಗಟ್ಟಲೆ ಬಿಸಿಲು ಕಾಣದ ಜಾಗದಲ್ಲಿ ಅದು ಉಳಿಯುವುದು ಕಷ್ಟ. ಒಂದು ಊರಿನ ಹಾಲೆಲ್ಲ ಒಂದೇ ತೊಟ್ಟಿಗೆ ಸೇರಿದಾಗ ವಿಷ ತಿಳಿಯಾದೀತೆಂಬ ಭರವಸೆಯೂ ಇಲ್ಲಿ ದುರ್ಬಲ. ಏಕೆಂದರೆ ಆ ಊರಿನ ಎಲ್ಲ ಕೊಟ್ಟಿಗೆಗಳಲ್ಲೂ ಅದೇ ಮಳೆಗಾಲ. ಕಾಡು, ಗೋಮಾಳಗಳಲ್ಲಿ ಮೇಯುವ ಮಲೆನಾಡು ಗಿಡ್ಡಕ್ಕೆ ಹಿಂಡಿ ಅಷ್ಟಾಗಿ ಬೇಕಿರಲಿಲ್ಲ. ಹೆಚ್ಚು ಹಾಲಿನ ಮಿಶ್ರತಳಿಗಳು ಬಂದಂತೆ ಮೂಟೆಯೂ ಬಂತು, ಔಷಧಿಯೂ ಬಂತು.

ಹೆಪ್ಪುಗಟ್ಟದ ಹಾಲು

ಔಷಧಿಯ ಮಾತಿಗೆ ಬಂದರೆ, ಮುಖ್ಯ ಕಾರಣ ಕೆಚ್ಚಲು ಬಾವು. ಇದಕ್ಕೆ ಪೆನಿಸಿಲಿನ್ ಬಳಗದ ಮತ್ತಿತರ ಆಂಟಿಬಯಾಟಿಕ್‌ಗಳನ್ನು ಚುಚ್ಚುಮದ್ದಾಗಿಯೂ ನೇರವಾಗಿ ಮೊಲೆತೊಟ್ಟಿನ ಮೂಲಕವೂ ನೀಡಲಾಗುತ್ತದೆ. ಕಾಯಿಲೆ ವಾಸಿಯಾದರೂ ಔಷಧಿ ಕೆಲವು ದಿನ ಹಾಲಿನಲ್ಲಿ ಹೊರಬರುತ್ತದೆ. ಆದ್ದರಿಂದಲೇ 2012ರ ತಿದ್ದುಪಡಿಯಂತೆ, ಔಷಧಿಗೆ ಬೇರೆ ಅವಧಿ ನಿಗದಿಯಾಗಿಲ್ಲದಿದ್ದರೆ, ಕೊನೆಯ ಡೋಸಿನ ನಂತರ ಕನಿಷ್ಠ 7 ದಿನ ಆ ಹಾಲನ್ನು ಮನುಷ್ಯರ ಬಳಕೆಗೆ ಕೊಡುವಂತಿಲ್ಲ.

ಹಾಲಿನಲ್ಲಿ ಪೆನಿಸಿಲಿನ್‌ಗೆ ಅಂತಾರಾಷ್ಟ್ರೀಯ ಮಿತಿ ಕಿಲೋಗೆ 4 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಕೇವಲ 40 ಮಿಲಿಗ್ರಾಂ ಔಷಧಿ 10,000 ಲೀಟರ್ ಹಾಲಿನ ಟ್ಯಾಂಕರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಇಂಥ ಹಾಲು ಅಲರ್ಜಿಯಿರುವವರಿಗೆ ತೊಂದರೆ ತರಬಹುದು. ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸಲು ನೆರವಾಗಬಹುದು. ಹೆಪ್ಪು ಹಾಕಿದರೂ ಮೊಸರಾಗದಿರುವುದು ಕೆಲವೊಮ್ಮೆ ಇದರ ಸುಳಿವು, ಏಕೆಂದರೆ ಮೊಸರಿನ ಬ್ಯಾಕ್ಟೀರಿಯಾಗಳನ್ನೂ ಔಷಧಿ ತಡೆಯುತ್ತದೆ. ಆದರೆ ಚಳಿಯಿಂದಲೂ ಹೆಪ್ಪಿನ ದೋಷದಿಂದಲೂ ಹೀಗಾಗಬಹುದಾದ್ದರಿಂದ ಅದೊಂದೇ ಪುರಾವೆಯಲ್ಲ. ಪ್ರಯೋಗಾಲಯದ ಒಂದು ಪರೀಕ್ಷೆ ಇದೇ ತತ್ತ್ವವನ್ನು ಬಳಸುತ್ತದೆ: ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ನೇರಳೆ ಬಣ್ಣ ಹಳದಿಯಾಗುತ್ತದೆ, ಔಷಧಿಯಿದ್ದರೆ ನೇರಳೆಯಾಗಿಯೇ ಉಳಿಯುತ್ತದೆ. ಇದಕ್ಕೆ ಸುಮಾರು ಮೂರು ಗಂಟೆ ಬೇಕು; ಪಟ್ಟಿಯ ಮೂಲಕ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಕೊಡುವ ಪರೀಕ್ಷೆಗಳೂ ಇವೆ.

ನಷ್ಟ ಯಾರಿಗೆ?

ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳ ಸಹಕಾರ ಸಂಘಗಳ ಹಾಲು ಸೇರುವುದು ಹಾಸನ ಹಾಲು ಒಕ್ಕೂಟಕ್ಕೆ. ಸಂಘದಲ್ಲಿ ರೈತನಿಗೆ ಹಣ ಸಿಗುವುದು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ. ಬೂಷ್ಟು ವಿಷವಾಗಲಿ ಔಷಧಿಯಾಗಲಿ ಈ ಎರಡು ಅಳತೆಗಳಲ್ಲಿ ಕಾಣುವುದಿಲ್ಲ. ಎಷ್ಟೋ ಮನೆಗಳ ಹಾಲು ಕೂಡಿದ ಟ್ಯಾಂಕರಿನಲ್ಲಿ ದೋಷ ಪತ್ತೆಯಾದರೂ ಅದು ಯಾರ ಕೊಟ್ಟಿಗೆಯದೆಂದು ಹಿಂದಕ್ಕೆ ಹುಡುಕುವುದು ಸುಲಭವಲ್ಲ.

ಇನ್ನೊಂದು ಕಡೆ, 10 ಲೀಟರ್ ಕೊಡುವ ಹಸುವಿನ ಏಳು ದಿನದ ಹಾಲೆಂದರೆ 70 ಲೀಟರ್. ಚಿಕಿತ್ಸೆಗೆ ಹಣ ತೆತ್ತ ಸಣ್ಣ ರೈತ ಈ 70 ಲೀಟರನ್ನೂ ಚೆಲ್ಲಬೇಕು. ಪ್ರಾಮಾಣಿಕನಾದವನಿಗೆ ನಷ್ಟ, ಸುಮ್ಮನಿದ್ದವನಿಗೆ ಲಾಭ ಎಂಬ ಈ ವ್ಯವಸ್ಥೆಯಲ್ಲಿ ಉಪದೇಶವೊಂದರಿಂದಲೇ ಹಾಲು ಶುದ್ಧವಾಗದು. ಪಶುವೈದ್ಯರು ಹಾಲು ತಡೆಹಿಡಿಯಬೇಕಾದ ಕೊನೆಯ ದಿನಾಂಕವನ್ನು ಬರೆದುಕೊಡುವುದು, ಸಂಘದಲ್ಲಿ ಅದನ್ನು ದಾಖಲಿಸುವುದು, ತಡೆಹಿಡಿದ ಹಾಲಿಗೆ ಭಾಗಶಃವಾದರೂ ಪರಿಹಾರ ನೀಡುವುದು, ಮಳೆಗಾಲದಲ್ಲಿ ಸಂಘದ ಮಟ್ಟದಲ್ಲೇ ಮಾದರಿ ಪರೀಕ್ಷೆ ಹೆಚ್ಚಿಸುವುದು: ಕಾವಲು ಫಲಕಾರಿಯಾಗಲು ಇವು ಬೇಕು.

ರೈತನ ಕೈಯಲ್ಲಿರುವ ಉಪಾಯಗಳೂ ಸರಳವೇ. ಮೂಟೆಯನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲಿಡುವುದು, ಹದಿನೈದು ದಿನಕ್ಕೆ ಆಗುವಷ್ಟೇ ಕೊಳ್ಳುವುದು, ಗಂಟುಕಟ್ಟಿದ, ಮುಗ್ಗಲು ವಾಸನೆಯ ಹಿಂಡಿಯನ್ನು ಕೋಳಿಗೂ ಹಾಕದೆ ಎಸೆಯುವುದು. ಕೆಟ್ಟ ಆಹಾರ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲಿನ ಎಂ1 ಬಹುಪಾಲು ಇಳಿದುಬಿಡುತ್ತದೆ ಎಂಬುದು ಸಮಾಧಾನದ ಸಂಗತಿ. ಕೆಚ್ಚಲು ಬಾವಿನ ಆರಂಭದಲ್ಲಿ ಹಚ್ಚಲು ಲೋಳೆಸರ, ಅರಿಶಿನ, ಸುಣ್ಣದ ಲೇಪವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿದೆ. ಜ್ವರ, ತೀವ್ರ ಊತ ಕಂಡರೆ ವೈದ್ಯರನ್ನು ಕರೆಯಲೇಬೇಕು.

ಕಾಫಿಯನ್ನು ಶೇ 10–11ರ ತೇವಾಂಶಕ್ಕೆ ಒಣಗಿಸುವ ವಿದ್ಯೆ ಈ ಗಿರಿಯ ಜನರಿಗೆ ಕರಗತವಾಗಿದೆ. ಹೊರದೇಶದ ಖರೀದಿದಾರ ಆ ವಿದ್ಯೆಗೆ ಬೆಲೆ ಕಟ್ಟಿದ. ಪ್ಯಾಕೆಟ್ ಹಾಲು ಕೊಳ್ಳುವ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಗ್ರಾಹಕ ಜಿಡ್ಡಿನ ಪ್ರಮಾಣ ಕೇಳುವಂತೆ ಈ ಪರೀಕ್ಷೆಗಳ ಫಲಿತಾಂಶವನ್ನೂ ಕೇಳಬೇಕು. ಸುರಕ್ಷಿತ ಹಾಲಿನ ಖರ್ಚಿನಲ್ಲಿ ತನ್ನ ಪಾಲನ್ನೂ ಹೊರಲು ಸಿದ್ಧನಿರಬೇಕು. ಕೊಟ್ಟಿಗೆಯಲ್ಲಿ ತಡೆಯದ ವಿಷವನ್ನು ಡೇರಿಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ತೆಗೆಯಲು ಬರುವುದಿಲ್ಲ.