ತನ್ನ ಪಾಲನ್ನು ಕೇಳಿದ ಹಾಡುಗಾರ

ಲಾಸ್ ಏಂಜಲೀಸ್ ಪಟ್ಟಣದ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಬೆರಳಚ್ಚಿನ ಪಾಠಕ್ಕೆ ಕುಳಿತಿದ್ದಾಗ, ನೀನೊಂದು ಪದ ಕಟ್ಟು, ನಾನೊಂದು ಕಟ್ಟುವೆನು, ಯಾವುದು ಮೇಲೋ ನೋಡೋಣವೆಂದು ಪಕ್ಕದ ಗೆಳೆಯನು ಪಂಥವೊಡ್ಡಿದನಂತೆ. ಹುಡುಗನು ಕಟ್ಟಿದನು, ಗೆದ್ದನು. 1969ರಲ್ಲಿ ಹುಟ್ಟಿದ ಆ ಬಾಲಕನ ಹೆಸರು ಓಷೇ ಜಾಕ್ಸನ್. ಲೋಕವು ಅವನನ್ನು ಬಲ್ಲುದು ಐಸ್ ಕ್ಯೂಬ್, ಎಂದರೆ ಮಂಜುಗಡ್ಡೆಯ ತುಣುಕು, ಎಂಬ ಹೆಸರಿನಿಂದ.

ರ್‍ಯಾಪ್ ಎಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಮಕ್ಕಳ ಕೋಣೆಯ ಬಾಗಿಲಿನಿಂದಾಚೆಗೆ ಮಾತ್ರ ಕೇಳಿರಬಹುದು. ರಾಗವನ್ನು ಬದಿಗಿರಿಸಿ, ತಾಳವೊಂದನ್ನೇ ಬಿಗಿಯಾಗಿ ಹಿಡಿದು, ಪ್ರಾಸಗೂಡಿದ ಮಾತನ್ನು ಉಸಿರು ಬಿಡದಂತೆ ಆಡುವ ಕಲೆಯಿದು. 1970ರ ದಶಕದಲ್ಲಿ ನ್ಯೂಯಾರ್ಕಿನ ಬಡ ಕೇರಿಗಳಲ್ಲಿ ಹುಟ್ಟಿತು. ಇದರಲ್ಲಿಯೇ ಅತ್ಯಂತ ಕಟುವಾದ, ಬೀದಿಯ ಮಾತನ್ನು ಬೀದಿಯಲ್ಲಿದ್ದಂತೆಯೇ ತರುವ ಬಗೆಗೆ ಹಾರ್ಡ್‌ಕೋರ್ ಎಂದು ಹೆಸರು. ಇಂಪನ್ನು ಅರಸುವವರು ಇಲ್ಲಿಗೆ ಬರಬೇಕಾಗಿಲ್ಲ.

ಜಾಕ್ಸನನು ಮೊದಮೊದಲು ಪರರಿಗಾಗಿ ಬರೆದನು. ಈಜೀ-ಈ ಎಂಬವನು ಹಾಡಿ 1987ರಲ್ಲಿ ಹೆಸರು ಪಡೆದ ಪದವು ಇವನ ಲೇಖನಿಯದೇ. ಹಾಡಿನಿಂದ ಅನ್ನ ಹುಟ್ಟುವುದೋ ಇಲ್ಲವೋ ಎಂಬ ಶಂಕೆಯಿಂದಲೋ ಏನೋ, ನಡುವೆ ಒಂದು ವರ್ಷ ಫೀನಿಕ್ಸ್ ನಗರಕ್ಕೆ ಹೋಗಿ ಕಟ್ಟಡಗಳ ನಕ್ಷೆ ಬರೆಯುವ ವಿದ್ಯೆಯನ್ನೂ ಕಲಿತು ಬಂದನು. ಈ ವಿವೇಕವನ್ನು ಮೆಚ್ಚದ ಗೃಹಸ್ಥರಿಲ್ಲ. ಬಳಿಕ ಎನ್.ಡಬ್ಲ್ಯು.ಎ. ಎಂಬ ಮೇಳದವರ ‘ಸ್ಟ್ರೇಟ್ ಔಟ್ಟ ಕಾಂಪ್ಟನ್’ ಸಂಪುಟವು ಹೊರಬಿದ್ದಿತು. ಅದರ ಪದಗಳನ್ನು ಬರೆದವರಲ್ಲಿ ಇವನು ಮುಖ್ಯನು. ಪೋಲೀಸರನ್ನು ಜರೆದ ಅದರ ಒಂದು ಹಾಡಿಗಾಗಿ 1989ರಲ್ಲಿ ಅಮೆರಿಕೆಯ ಕೇಂದ್ರ ತನಿಖಾ ಇಲಾಖೆಯ ಅಧಿಕಾರಿಯೊಬ್ಬರು ರಿಕಾರ್ಡಿನ ಕಂಪನಿಗೆ ಆಕ್ಷೇಪಣೆಯ ಪತ್ರವನ್ನೇ ಬರೆದರು. ಪತ್ರದಿಂದ ಮಾರಾಟವೇನೂ ಕುಗ್ಗಲಿಲ್ಲ.

ಹಣ ಬಂದಿತು, ಹಂಚಿಕೆಯಲ್ಲಿ ಒಡಕು ಬಂದಿತು. ಒಡಂಬಡಿಕೆಯೊಂದನ್ನು ಮುಂದಿರಿಸಿ, ರುಜು ಹಾಕಿದರೆ 75,000 ಡಾಲರಿನ ಚೆಕ್ಕು ಕೊಡುವೆವೆಂದಾಗ, ವಕೀಲರಿಗೆ ತೋರಿಸದೆ ರುಜು ಹಾಕಲಾರೆನೆಂದು ತಾನು ನಿರಾಕರಿಸಿದುದಾಗಿ ಅವನೇ ಹೇಳಿರುವನು. ಇಪ್ಪತ್ತು ವಯಸ್ಸಿನ ಹುಡುಗನ ಕೈಗೆ ಅಷ್ಟು ಹಣವು ತಾನಾಗಿ ಬರುತ್ತಿರುವಾಗ ಹಿಂದಕ್ಕೆ ತಳ್ಳುವುದೆಂದರೆ ಸಾಮಾನ್ಯವಲ್ಲ. ಮೇಳದ ವ್ಯವಹಾರ ನೋಡುತ್ತಿದ್ದವರು ಲೆಕ್ಕವೆಲ್ಲ ಸರಿಯಾಗಿಯೇ ಇತ್ತೆಂದು ವಾದಿಸಿದರು. ಅಂತೂ 1989ರ ಕೊನೆಗೆ ಅವನು ಮೇಳವನ್ನು ಬಿಟ್ಟನು.

ಬಿಟ್ಟ ಮೇಲೆ ತಾಳ ಕಟ್ಟುವವರು ಯಾರು? ಹಳೆಯ ಜೊತೆಗಾರ ಡಾಕ್ಟರ್ ಡ್ರೇಯೇ ಮಾಡಿಕೊಡಲಿ ಎಂಬ ಆಸೆಯಿತ್ತು, ಅದು ಕೂಡಲಿಲ್ಲ. ಆಗ ನೋಟುಬುಕ್ಕುಗಳನ್ನು ಹಿಡಿದುಕೊಂಡು ದೇಶದ ಇನ್ನೊಂದು ತುದಿಯಾದ ನ್ಯೂಯಾರ್ಕಿಗೆ ಹೋದನು. ಅಲ್ಲಿ ಪಬ್ಲಿಕ್ ಎನಿಮಿ ಮೇಳದ ಚಕ್ ಡಿ ಮತ್ತು ಹ್ಯಾಂಕ್ ಶಾಕ್ಲೀ ಮೊದಲಾದವರ ‘ಬಾಂಬ್ ಸ್ಕ್ವಾಡ್’ ತಂಡವು ಅವನಿಗೆ ನೆರವಾಯಿತು. ಹಳೆಯ ರಿಕಾರ್ಡುಗಳಿಂದ ಒಂದು ತಮ್ಮಟೆಯ ಪೆಟ್ಟು, ಇನ್ನೊಂದರಿಂದ ಕೊಂಬಿನ ಕೂಗು, ಮತ್ತೊಂದರಿಂದ ಯಾರದೋ ಮಾತಿನ ತುಂಡು, ಹೀಗೆ ಆಯ್ದು ಆಯ್ದು ಒಂದರ ಮೇಲೊಂದು ಪೇರಿಸುವುದು ಅವರ ಕ್ರಮ. ನಮ್ಮ ಅಜ್ಜಿಯರು ಹಳೆಯ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರಷ್ಟೆ. ಆದರೆ ಈ ಕೌದಿಯು ಬೆಚ್ಚಗಿಡುವುದಕ್ಕಲ್ಲ, ನಿದ್ದೆ ಕೆಡಿಸುವುದಕ್ಕೆ.

1990ರ ಮೇ ತಿಂಗಳಲ್ಲಿ ಸಂಪುಟವು ಹೊರಬಂದಿತು. ಹೆಸರು ‘ಅಮೆರಿಕಾಸ್ ಮೋಸ್ಟ್ ವಾಂಟೆಡ್’. ಅಮೆರಿಕಾ ಎಂಬ ಶಬ್ದದ ನಡುವಣ ಒಂದಕ್ಷರವನ್ನು ಕಿತ್ತು ಅಲ್ಲಿ ‘ಕೆ’ ಎಂಬುದನ್ನು ಮೂರು ಬಾರಿ ಬರೆಯಿಸಿದ್ದನು. ಕಪ್ಪು ಜನರನ್ನು ಕೊಂದು ಬೆದರಿಸಿದ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಕೂಟದ ಗುರುತು ಅದು. ಸಂಪುಟದ ಬಾಗಿಲಲ್ಲಿಯೇ ಮರಣದಂಡನೆಗೊಳಗಾದ ಕೈದಿಯೊಬ್ಬನನ್ನು ವಿದ್ಯುತ್ ಕುರ್ಚಿಯತ್ತ ನಡೆಯಿಸುವ ಸದ್ದು. ಮುಂದೆ ಒಂದು ಪದದಲ್ಲಿ ಯುವಕನೊಬ್ಬನು ಪರಿಚಯದ ಹುಡುಗಿಯ ಮನೆಗೆ ಹೋಗುವನು. ಅಲ್ಲಿ ಮಾದಕ ವಸ್ತುವಿನ ವ್ಯಾಪಾರ ನಡೆಯುತ್ತಿರುವುದು. ಪೋಲೀಸರು ನುಗ್ಗಿದಾಗ ಏನೂ ಮಾಡದ ಇವನೂ ಸೆರೆಯಾಗುವನು. ಕಥೆ ಹೇಳುವುದರಲ್ಲಿ ಇವನಿಗೆ ಸಮನಾದವರು ಕಡಮೆ. ಚಕ್ ಡಿ ದನಿಗೂಡಿಸಿದ ಇನ್ನೊಂದು ಪದದಲ್ಲಿ, ಕಪ್ಪು ತರುಣರೂ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿದರೆಂಬ ವ್ಯಂಗ್ಯವುಂಟು.

ಇಷ್ಟು ಹೊಗಳಿದ ಮೇಲೆ ದೋಷವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಈ ಸಂಪುಟದಲ್ಲಿ ಹೆಂಗಸರನ್ನು ಕುರಿತು ಆಡಿರುವ ಮಾತುಗಳು ಅನೇಕ ಕಡೆ ಹೇಸಿಗೆ ಹುಟ್ಟಿಸುತ್ತವೆ. ಗರ್ಭಿಣಿಯೊಬ್ಬಳ ವಿಷಯವಾದ ಪದವಂತೂ ಕ್ರೂರವಾದುದು. ಬೀದಿಯ ಸತ್ಯವನ್ನೇ ಹೇಳಿದೆನೆಂಬ ಸಮಾಧಾನ ಇಲ್ಲಿ ಸಲ್ಲದು. ಪೋಲೀಸರ ಅನ್ಯಾಯವನ್ನು ಅಷ್ಟು ನಿಚ್ಚಳವಾಗಿ ಕಂಡ ಕಣ್ಣು ತನ್ನ ಕೇರಿಯ ಹೆಣ್ಣಿಗಾಗುವ ಅನ್ಯಾಯದ ಮುಂದೆ ಏಕೆ ಮುಚ್ಚಿತು?

ಆಶ್ಚರ್ಯವೆಂದರೆ, ಇದಕ್ಕೆ ಉತ್ತರವೂ ಅದೇ ಸಂಪುಟದಲ್ಲಿದೆ. ‘ಇಟ್ಸ್ ಎ ಮ್ಯಾನ್ಸ್ ವರ್ಲ್ಡ್’ ಎಂಬ ಪದದಲ್ಲಿ ಗಂಡಿನ ಹಿರಿಮೆಯನ್ನು ಕೊಚ್ಚಿಕೊಳ್ಳುತ್ತಿರುವ ಐಸ್ ಕ್ಯೂಬನನ್ನು ಯೋ-ಯೋ ಎಂಬ ತರುಣಿಯು ನಡುವೆಯೇ ತಡೆದು, ಪ್ರತಿಮಾತಿಗೂ ಎದುರುಮಾತು ಕೊಟ್ಟು, ಒಂದು ಹೆಜ್ಜೆಯೂ ಹಿಂದೆಗೆಯದೆ ನಿಲ್ಲುವಳು. ಬಿಜಾಪುರದ ಸೀಮೆಯಲ್ಲಿ ಹರದೇಶಿ ನಾಗೇಶಿ ಪದಗಳ ಸವಾಲು ಜವಾಬನ್ನು ಕೇಳಿದವರಿಗೆ ಇದು ಹೊಸದೆನಿಸದು. ತನ್ನ ಮೊದಲ ಸ್ವಂತ ಸಂಪುಟದಲ್ಲಿಯೇ ತನ್ನನ್ನು ಹೀಗೆ ಹಳಿಯುವುದಕ್ಕೆ ಎಡೆಗೊಟ್ಟ ಗಂಡಸರು ಎಷ್ಟು ಮಂದಿ?

ರೇಡಿಯೋದವರು ಹೆಚ್ಚಾಗಿ ಹಾಕದಿದ್ದರೂ, ಆ ವರ್ಷವೇ ಹತ್ತು ಲಕ್ಷ ಪ್ರತಿಗಳು ಅಂಗಡಿಗಳಿಗೆ ಹೋದುವು. ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ ಸಂಪುಟವು 19ನೆಯ ಸ್ಥಾನಕ್ಕೇರಿತು. ಹಳೆಯ ಮೇಳದವರನ್ನು ಹೆಸರೆತ್ತಿ ಬಯ್ಯುವರೆಂದು ಕಾದಿದ್ದವರಿಗೆ ನಿರಾಶೆಯಾಯಿತು. ಆ ಸಂಯಮವು ಮರುವರ್ಷದ ಸಂಪುಟದಲ್ಲಿ ಉಳಿಯಲಿಲ್ಲವೆಂಬುದು ಬೇರೆ ಮಾತು. ಆ ಮರುವರ್ಷವೇ, ಎಂದರೆ 1991ರಲ್ಲಿ, ಯೋ-ಯೋ ತನ್ನದೇ ಹೆಸರಿನಲ್ಲಿ ಮೊದಲ ಸಂಪುಟವನ್ನು ಹೊರತಂದಳು. ಅದನ್ನು ಸಿದ್ಧಪಡಿಸುವುದರಲ್ಲಿ ಅವಳಿಗೆ ನೆರವಾದವನು ಐಸ್ ಕ್ಯೂಬನೇ.