ಬೇಡವೆಂದರೂ ಬಿಡದ ಅಪ್‌ಡೇಟ್

ತಿಂಗಳ ಎರಡನೇ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್‌ನ ತೂತುಗಳಿಗೆ ಪ್ಯಾಚ್ ಬಿಡುಗಡೆ ಮಾಡುತ್ತದೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ, ಅಲ್ಲಿ ಚಳಿಗಾಲವಿದ್ದರೆ ಹನ್ನೊಂದೂವರೆ. ಪರದೇಶದ ಸರ್ವರ್‌ಗಳನ್ನು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವವರ ಬಾಯಲ್ಲಿ ಇದು ‘ಪ್ಯಾಚ್ ಟ್ಯೂಸ್‌ಡೇ’. ಅವರ ಎಷ್ಟೋ ಶನಿವಾರದ ರಾತ್ರಿಗಳು ಆ ಪ್ಯಾಚ್ ಹಾಕುವುದಕ್ಕೇ ಮೀಸಲು. ಉಳಿದವರಿಗೆ ವಿಷಯ ಗೊತ್ತಾಗುವುದು ಒಂದೆರಡು ದಿನ ಕಳೆದ ಮೇಲೆ. ಜಿಎಸ್‌ಟಿ ರಿಟರ್ನ್ ತುಂಬಲು ಕೂತ ಅಕೌಂಟೆಂಟ್, ಲಗ್ನಪತ್ರಿಕೆಯ ಕೊನೆಯ ಪ್ರೂಫ್ ತಿದ್ದುತ್ತಿರುವ ಡಿಟಿಪಿಯವರು, ಆನ್‌ಲೈನ್ ಪರೀಕ್ಷೆಗೆ ಲಾಗಿನ್ ಆಗಬೇಕಿದ್ದ ಹುಡುಗಿ, ಎಲ್ಲರ ಮುಂದೆಯೂ ಅದೇ ಪರದೆ, ಅದೇ ಸುತ್ತುವ ಚುಕ್ಕಿಗಳು: ಅಪ್‌ಡೇಟ್ ನಡೆಯುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ.

ದುಡ್ಡು ಕೊಟ್ಟು ತಂದ ಯಂತ್ರ ಯಾವಾಗ ಕೆಲಸ ಮಾಡಬೇಕು, ಯಾವಾಗ ಮಾಡಬಾರದು ಎನ್ನುವುದನ್ನು ಬೇರೆ ಯಾರೋ ತೀರ್ಮಾನಿಸುವ ಈ ವ್ಯವಸ್ಥೆ ಮೊದಲಿನಿಂದ ಇದ್ದದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯ ಮೊದಲರ್ಧದಲ್ಲಿ ತಪ್ಪು ಬಹುಪಾಲು ನಮ್ಮದೇ.

1998ರಲ್ಲಿ ವಿಂಡೋಸ್ 98 ಜೊತೆ ‘ವಿಂಡೋಸ್ ಅಪ್‌ಡೇಟ್’ ಎಂಬ ಜಾಲತಾಣ ಬಂತು. ಬೇಕಾದವರು ಅಲ್ಲಿಗೆ ಹೋಗಿ, ಪಟ್ಟಿ ನೋಡಿ, ಬೇಕಾದ್ದನ್ನು ಇಳಿಸಿಕೊಳ್ಳಬಹುದಿತ್ತು. 2000ದಲ್ಲಿ ಬಂದ ವಿಂಡೋಸ್ ಎಂಇ ತಾನಾಗಿಯೇ ಹುಡುಕಿ ತರುವ ಸೌಲಭ್ಯ ಕೊಟ್ಟಿತು. ಅದೂ ಬೇಕಿದ್ದರೆ ಮಾತ್ರ. ಹೆಚ್ಚಿನವರಿಗೆ ಬೇಕಿರಲಿಲ್ಲ. ನಡೆಯುತ್ತಿರುವ ಯಂತ್ರವನ್ನು ಯಾಕೆ ಕೆದಕಬೇಕು ಎನ್ನುವುದು ಮನೆಯವರ ತರ್ಕವಷ್ಟೇ ಅಲ್ಲ, ದೊಡ್ಡ ದೊಡ್ಡ ಕಂಪನಿಗಳ ಸಿಸ್ಟಂ ಅಡ್ಮಿನ್‌ಗಳ ತರ್ಕವೂ ಆಗಿತ್ತು.

ಆ ತರ್ಕದ ಬೆಲೆ ಗೊತ್ತಾದದ್ದು 2001ರ ಜುಲೈನಲ್ಲಿ. ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡುವ ‘ಕೋಡ್ ರೆಡ್’ ಎಂಬ ವರ್ಮ್ ಹದಿನಾಲ್ಕು ಗಂಟೆಯೊಳಗೆ ಸುಮಾರು 3,59,000 ಕಂಪ್ಯೂಟರುಗಳನ್ನು ಹೊಕ್ಕಿತು. ಅದು ಬಳಸಿದ ತೂತನ್ನು ಮುಚ್ಚುವ ಪ್ಯಾಚ್ ಒಂದು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. 2002ರ ಜನವರಿಯಲ್ಲಿ ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಇಮೇಲ್ ಬರೆದು, ಹೊಸ ಸೌಲಭ್ಯಕ್ಕಿಂತ ಸುರಕ್ಷತೆ ಮುಖ್ಯ ಎಂದು ತಾಕೀತು ಮಾಡಿದರು. ಮರುವರ್ಷದ ಜನವರಿ 25ರಂದು ‘ಎಸ್‌ಕ್ಯುಎಲ್ ಸ್ಲ್ಯಾಮರ್’ ಬಂತು. ಗಾತ್ರ ಬರೀ 376 ಬೈಟ್. ಸಿಕ್ಕಿಬೀಳಬಹುದಾಗಿದ್ದ ಯಂತ್ರಗಳಲ್ಲಿ ಹೆಚ್ಚಿನವನ್ನೆಲ್ಲ ಹತ್ತೇ ನಿಮಿಷದಲ್ಲಿ ಮುಗಿಸಿತು. ಬ್ಯಾಂಕ್ ಆಫ್ ಅಮೆರಿಕದ ಎಟಿಎಂಗಳು ನಿಂತವು. ಇದಕ್ಕೂ ಆರು ತಿಂಗಳ ಹಿಂದೆಯೇ ಪ್ಯಾಚ್ ಇತ್ತು. ಪ್ಯಾಚ್ ಹಾಕಿಕೊಳ್ಳದೆ ಸೋಂಕು ಹತ್ತಿಸಿಕೊಂಡವರಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಸರ್ವರ್‌ಗಳೂ ಇದ್ದವು! ಪ್ಯಾಚ್ ಬರೆದವರೇ ಹಾಕಿಕೊಳ್ಳದಿದ್ದ ಮೇಲೆ ಉಳಿದವರನ್ನು ಬೈದು ಏನು ಪ್ರಯೋಜನ?

ಮನೆಮನೆಗೂ ಬಿಸಿ ಮುಟ್ಟಿಸಿದ್ದು ಮಾತ್ರ ಅದೇ ವರ್ಷದ ಆಗಸ್ಟ್‌ನ ‘ಬ್ಲಾಸ್ಟರ್’. ಇಂಟರ್‌ನೆಟ್ಟಿಗೆ ಕನೆಕ್ಟ್ ಆದರೆ ಸಾಕು, ಅರುವತ್ತು ಸೆಕೆಂಡಿನಲ್ಲಿ ಯಂತ್ರ ಬಂದ್ ಆಗುತ್ತದೆ ಎಂಬ ಪೆಟ್ಟಿಗೆ ತೆರೆದುಕೊಂಡು ಗಡಿಯಾರ ಇಳಿಯತೊಡಗುತ್ತಿತ್ತು. ಪ್ಯಾಚ್ ಇಳಿಸಿಕೊಳ್ಳಲು ಮತ್ತೆ ಕನೆಕ್ಟ್ ಆಗಬೇಕು, ಆದರೆ ಮತ್ತೆ ಬಂದ್. ಆ ದಿನಗಳಲ್ಲಿ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿದ್ದವರಿಗೆ ಈ ಚಕ್ರ ನೆನಪಿರುತ್ತದೆ.

ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 18ರಂದು ಇನ್ನೊಂದು ವರ್ಮ್ ಕಾಣಿಸಿಕೊಂಡಿತು. ಹೆಸರು ‘ವೆಲ್ಚಿಯಾ’, ಕೆಲವರ ಬಾಯಲ್ಲಿ ‘ನಾಚಿ’. ಅದು ಒಳನುಗ್ಗುತ್ತಿದ್ದುದು ಬ್ಲಾಸ್ಟರ್ ಬಂದ ದಾರಿಯಲ್ಲೇ. ಒಳಗೆ ಹೋಗಿ ಮಾಡುತ್ತಿದ್ದ ಕೆಲಸ ನೋಡಿ: ಬ್ಲಾಸ್ಟರ್ ಇದ್ದರೆ ಹುಡುಕಿ ಅಳಿಸುವುದು, ಮೈಕ್ರೋಸಾಫ್ಟ್‌ನಿಂದ ಪ್ಯಾಚ್ ಇಳಿಸಿ ಹಾಕುವುದು, ಯಂತ್ರವನ್ನು ರೀಸ್ಟಾರ್ಟ್ ಮಾಡುವುದು. 2004 ಬಂದ ಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುವ ಏರ್ಪಾಡೂ ಅದರಲ್ಲಿತ್ತು. ಬರೆದವನ ಮನಸ್ಸಿನಲ್ಲಿ ಸಮಾಜಸೇವೆಯೇ ಇತ್ತೇನೋ. ಫಲ ಮಾತ್ರ ಬೇರೆ. ಮುಂದಿನ ಯಂತ್ರಗಳನ್ನು ಹುಡುಕುವ ಭರದಲ್ಲಿ ಅದು ನೆಟ್‌ವರ್ಕ್‌ಗಳನ್ನೇ ಉಸಿರುಗಟ್ಟಿಸಿತು. ಏರ್ ಕೆನಡಾದ ಚೆಕ್-ಇನ್ ವ್ಯವಸ್ಥೆ ಅಸ್ತವ್ಯಸ್ತವಾಯಿತು, ಅಮೆರಿಕದ ನೌಕಾಪಡೆಯ ಆಂತರಿಕ ಜಾಲ ಕುಂಟಿತು. ಯಜಮಾನನನ್ನು ಕೇಳದೆ ಒಳಬಂದು, ಅವನ ಒಳ್ಳೆಯದಕ್ಕೆಂದೇ ಪ್ಯಾಚ್ ಹಾಕಿ, ಅವನನ್ನು ಕೇಳದೆಯೇ ರೀಸ್ಟಾರ್ಟ್ ಮಾಡುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು ಹೀಗೆ ಒಂದು ವರ್ಮ್. ಕಂಪನಿ ಆ ಜಾಗಕ್ಕೆ ಬಂದು ನಿಲ್ಲಲು ಇನ್ನೂ ಹನ್ನೆರಡು ವರ್ಷವಿತ್ತು.

2003ರ ಅಕ್ಟೋಬರ್‌ನಿಂದ ಪ್ಯಾಚ್‌ಗಳಿಗೆ ಮಂಗಳವಾರ ನಿಗದಿಯಾಯಿತು. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದು, ಆಟೋಮ್ಯಾಟಿಕ್ ಅಪ್‌ಡೇಟ್ ಆನ್ ಮಾಡಿಕೊಳ್ಳಿ ಎಂದು ಪರದೆ ತುಂಬ ಕೇಳಿಕೊಂಡಿತು. ಆ ಪ್ಯಾಕಿನ ಪೂರ್ಣ ಗಾತ್ರ 266 ಎಂಬಿ. ನಮ್ಮೂರುಗಳ ಡಯಲ್-ಅಪ್ ಲೈನಿನಲ್ಲಿ ಅದನ್ನು ಇಳಿಸಲು ನಡುವೆ ಲೈನ್ ಕಡಿಯದಿದ್ದರೂ ಹದಿನೈದು ಗಂಟೆ ಬೇಕು, ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್, ಬಿಲ್ ಮೇಲಿಂದ ಮೇಲೆ. ಜೊತೆಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಜೋಡಿಸಿದ ಎಷ್ಟೋ ಕಂಪ್ಯೂಟರುಗಳಲ್ಲಿ ಇದ್ದದ್ದು ನಕಲು ವಿಂಡೋಸ್. ಅಸೆಂಬಲ್ ಮಾಡಿಕೊಡುವ ಹುಡುಗ ಹೋಗುವ ಮುನ್ನ ಹೇಳುತ್ತಿದ್ದ ಕೊನೆಯ ಮಾತು, ‘ಸಾರ್, ಅಪ್‌ಡೇಟ್ ಮಾತ್ರ ಆನ್ ಮಾಡ್ಬೇಡಿ.’

ಅವನ ಭಯ ಸುಳ್ಳಲ್ಲವೆಂದು ತೋರಿಸಿಕೊಟ್ಟದ್ದು ಮೈಕ್ರೋಸಾಫ್ಟೇ. ನಕಲು ಪ್ರತಿಯನ್ನು ಪತ್ತೆ ಮಾಡುವ ತಂತ್ರಾಂಶವನ್ನು 2006ರಲ್ಲಿ ಅದು ‘ಅತ್ಯಗತ್ಯ’ ಅಪ್‌ಡೇಟ್‌ಗಳ ಸಾಲಿನಲ್ಲಿ ಕಳಿಸಿತು. ಅದು ದಿನವೂ ಕಂಪನಿಯ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತಿತ್ತೆಂದು ಬಯಲಾದಾಗ ಮೊಕದ್ದಮೆಯೂ ಆಯಿತು. 2008ರಲ್ಲಿ ನಕಲು ಎಕ್ಸ್‌ಪಿಯ ವಾಲ್‌ಪೇಪರ್ ಗಂಟೆಗೊಮ್ಮೆ ಕಪ್ಪಾಗತೊಡಗಿತು. ನಕಲು ಬಳಸಿದವರ ಪರ ವಕಾಲತ್ತು ನನ್ನದಲ್ಲ. ಆದರೆ ಯಂತ್ರಕ್ಕೆ ಸೋಂಕು ತಗುಲದಿರಲಿ ಎಂದು ನಂಬಿ ತೆರೆದಿಟ್ಟ ದಾರಿಯಲ್ಲಿ ಕಂಪನಿ ತನ್ನ ಲಾಭದ ಕೆಲಸವನ್ನೂ ತೂರಿಸಿದ್ದು ಎದ್ದುಕಂಡದ್ದು ಇಲ್ಲಿ. ಅಪ್‌ಡೇಟ್ ಮೇಲಿನ ಸಿಟ್ಟಿನ ಬೇರು ನನಗೆ ಕಾಣುವುದು ರೀಸ್ಟಾರ್ಟ್‌ನಲ್ಲಲ್ಲ, ಈ ಬೆರಕೆಯಲ್ಲಿ.

ಹಾಗೆಂದು ರೀಸ್ಟಾರ್ಟ್‌ನ ಕಾಟ ಸಣ್ಣದೇನಲ್ಲ. ವಿಂಡೋಸ್‌ನಲ್ಲಿ ಬಳಕೆಯಲ್ಲಿರುವ ಫೈಲನ್ನು ಸಾಮಾನ್ಯವಾಗಿ ಹಾಗೆಯೇ ಬದಲಿಸಲು ಬರುವುದಿಲ್ಲ. ವ್ಯವಸ್ಥೆಯ ಮುಖ್ಯ ಫೈಲುಗಳು ಯಂತ್ರ ಆನ್ ಇರುವಷ್ಟು ಹೊತ್ತೂ ಬಳಕೆಯಲ್ಲೇ ಇರುತ್ತವೆ. ಹಾಗಾಗಿ ಹೊಸದನ್ನು ಪಕ್ಕದಲ್ಲಿಟ್ಟು, ಮುಂದಿನ ಸಲ ಶುರುವಾಗುವಾಗ ಅದಲುಬದಲು ಮಾಡುವಂತೆ ಬರೆದಿಡಲಾಗುತ್ತದೆ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಫೈಲಿನ ಜಾಗಕ್ಕೂ ಹೊಸದನ್ನು ತಂದಿಡಬಹುದು. ರೀಸ್ಟಾರ್ಟ್ ಪೂರ್ತಿ ತಪ್ಪುವುದಿಲ್ಲವಾದರೂ ಹೊತ್ತು ಗೊತ್ತು ನಮ್ಮ ಕೈಯಲ್ಲಿರುತ್ತದೆ.

2014ರ ಫೆಬ್ರವರಿಯಲ್ಲಿ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದರು. 2015ರ ಜುಲೈ 29ರಂದು ವಿಂಡೋಸ್ 10 ಬಂತು. ವಿಂಡೋಸ್ ಇನ್ನು ಒಂದು ಸಲ ಕೊಳ್ಳುವ ವಸ್ತುವಲ್ಲ, ನಿರಂತರ ಸೇವೆ ಎಂದಿತು ಕಂಪನಿ. ಎರಡು-ಮೂರು ವರ್ಷದಲ್ಲಿ ನೂರು ಕೋಟಿ ಯಂತ್ರಗಳನ್ನು ತಲುಪುವ ಗುರಿಯನ್ನೂ ಸಾರಿತು. ಹೋಮ್ ಆವೃತ್ತಿಯಲ್ಲಿ ಅಪ್‌ಡೇಟ್ ಬೇಡವೆನ್ನುವ ಆಯ್ಕೆಯನ್ನೇ ತೆಗೆದುಹಾಕಲಾಯಿತು. ಪ್ರೊ ಆವೃತ್ತಿಗೆ ಹೆಚ್ಚು ಹಣ ಕೊಟ್ಟವರು ಕೆಲವನ್ನು ಮುಂದೂಡಬಹುದು, ದೊಡ್ಡ ಸಂಸ್ಥೆಗಳು ಇನ್ನೂ ಹೆಚ್ಚು ತಡೆಯಬಹುದು. ಬೇಡವೆನ್ನುವ ಹಕ್ಕಿಗೂ ದರಪಟ್ಟಿ ಬಂದಂತಾಯಿತು. ಡಾಂಗಲ್ಲಿಗೆ ಜಿಬಿ ಲೆಕ್ಕದಲ್ಲಿ ದುಡ್ಡು ತೆರುತ್ತಿದ್ದ ನಮ್ಮವರು ಕಂಡುಕೊಂಡ ಉಪಾಯ ‘ಮೀಟರ್ಡ್ ಕನೆಕ್ಷನ್’. ಆ ಗುಂಡಿ ಒತ್ತಿಟ್ಟರೆ ದೊಡ್ಡ ಡೌನ್‌ಲೋಡ್‌ಗಳು ಅಷ್ಟರಮಟ್ಟಿಗೆ ನಿಲ್ಲುತ್ತಿದ್ದವು.

ನೂರು ಕೋಟಿಯ ಗುರಿ ಎಂಥ ಕೆಲಸ ಮಾಡಿಸಿತು ಎನ್ನುವುದಕ್ಕೆ 2016 ಸಾಕ್ಷಿ. ವಿಂಡೋಸ್ 7 ಮತ್ತು 8.1 ಇದ್ದವರ ಪರದೆಯ ಮೂಲೆಯಲ್ಲಿ ಉಚಿತ ಅಪ್‌ಗ್ರೇಡ್‌ನ ಆಹ್ವಾನ ಮೊದಲೇ ಬಂದು ಕೂತಿತ್ತು. ಫೆಬ್ರವರಿಯಲ್ಲಿ ಅದು ‘ಶಿಫಾರಸು ಮಾಡಿದ’ ಅಪ್‌ಡೇಟ್ ಆಗಿ ಬಡ್ತಿ ಪಡೆಯಿತು. ಎಂದರೆ, ಶಿಫಾರಸು ಮಾಡಿದ್ದನ್ನೆಲ್ಲ ತಾನಾಗಿ ತರುವಂತೆ ಬಿಟ್ಟಿದ್ದವರ ಯಂತ್ರಕ್ಕೆ ಇಡೀ ಹೊಸ ಆಪರೇಟಿಂಗ್ ಸಿಸ್ಟಂ ಸದ್ದಿಲ್ಲದೆ ಇಳಿಯತೊಡಗಿತು. ಏಪ್ರಿಲ್‌ನಲ್ಲಿ ಅಮೆರಿಕದ ಅಯೋವಾದ ಟಿವಿ ಚಾನೆಲ್ಲೊಂದರಲ್ಲಿ ಹವಾಮಾನ ವರದಿಯ ನೇರಪ್ರಸಾರದ ಮಧ್ಯೆಯೇ, ಮಳೆಮೋಡದ ನಕ್ಷೆಯ ಮೇಲೆ, ವಿಂಡೋಸ್ 10 ಹಾಕಿಕೊಳ್ಳುವಂತೆ ಹೇಳುವ ಪೆಟ್ಟಿಗೆ ಬಂದು ನಿಂತಿತು. ಮೇ ತಿಂಗಳಲ್ಲಿ ನಡೆದದ್ದು ಇನ್ನೂ ಅತಿ. ಪೆಟ್ಟಿಗೆಯ ಬಲತುದಿಯ ಕೆಂಪು ಎಕ್ಸ್ ಗುರುತು ಒತ್ತಿ ಮುಚ್ಚಿದರೆ, ಈಗಾಗಲೇ ನಿಗದಿಯಾದ ಅಪ್‌ಗ್ರೇಡ್‌ಗೆ ಒಪ್ಪಿದಂತೆಯೇ ಲೆಕ್ಕ! ಬೇಡಪ್ಪಾ ಎಂದು ಬಾಗಿಲು ಹಾಕಿಕೊಂಡರೆ, ಹಾಕಿದ್ದೇ ಒಪ್ಪಿಗೆ ಎಂದು ಸಾಮಾನು ಇಳಿಸಿಹೋಗುವ ವ್ಯಾಪಾರಿಯ ನ್ಯಾಯ ಇದು. ಇಪ್ಪತ್ತು ವರ್ಷ ಆ ಗುರುತಿಗೆ ‘ಬೇಡ’ ಎಂಬ ಅರ್ಥ ಕಲಿಸಿದ್ದೂ ಇದೇ ಕಂಪನಿ.

ಕ್ಯಾಲಿಫೋರ್ನಿಯಾದ ಸೌಸಲಿಟೊದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದ ಮಹಿಳೆಯೊಬ್ಬರು ಸುಮ್ಮನಿರಲಿಲ್ಲ. ಕೇಳದೆ ಬಂದ ವಿಂಡೋಸ್ 10ರಿಂದ ಆಫೀಸಿನ ಕಂಪ್ಯೂಟರ್ ಕೆಟ್ಟು ವ್ಯಾಪಾರ ಹಾಳಾಯಿತೆಂದು ಸಣ್ಣ ದಾವೆಗಳ ಕೋರ್ಟಿಗೆ ಹೋದರು. ಹತ್ತು ಸಾವಿರ ಡಾಲರ್ ಪರಿಹಾರದ ಆದೇಶವಾಯಿತು. ಮೈಕ್ರೋಸಾಫ್ಟ್ ತಪ್ಪೊಪ್ಪಿಕೊಳ್ಳಲಿಲ್ಲ, ಮೇಲ್ಮನವಿ ಮಾತ್ರ ಕೈಬಿಟ್ಟಿತು. ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥ ಕ್ರಿಸ್ ಕ್ಯಾಪೊಸೆಲಾ, ಆ ಪೆಟ್ಟಿಗೆಯ ವಿಷಯದಲ್ಲಿ ತಾವು ಗೆರೆ ದಾಟಿದ್ದು ನಿಜ ಎಂದರು.

ಅಷ್ಟರಲ್ಲಿ ಬಹಳ ಮಂದಿ ವಿಂಡೋಸ್ 7ರಲ್ಲಿ ಅಪ್‌ಡೇಟನ್ನೇ ಬಂದ್ ಮಾಡಿದ್ದರು. ವಿಂಡೋಸ್ 10 ಬಾರದಿರಲಿ ಎಂದು ಮುಚ್ಚಿದ ಬಾಗಿಲು ಪ್ಯಾಚ್‌ಗಳಿಗೂ ಮುಚ್ಚಿತು. 2017ರ ಮೇ 12ರಂದು ‘ವಾನಾಕ್ರೈ’ ದಾಳಿಯಾಯಿತು. ಅಮೆರಿಕದ ಬೇಹುಗಾರಿಕೆ ಸಂಸ್ಥೆಯಿಂದ ಕದ್ದ ಅಸ್ತ್ರ ಬಳಸಿ ಅದು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ, ತಪಾಸಣೆಗಳು ರದ್ದಾದವು. ಪ್ಯಾಚ್ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ ಬಂದಿತ್ತು. ಸೋಂಕಿತ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7. ಎಲ್ಲ ಕಡೆಯೂ ಸಿಟ್ಟೇ ಕಾರಣ ಎನ್ನಲಾಗದು. ಸಂಸ್ಥೆಗಳ ಸೋಮಾರಿತನವೂ ಇತ್ತು, ಹಳೆಯ ಉಪಕರಣಗಳ ಕಟ್ಟುಪಾಡೂ ಇತ್ತು. ಆದರೆ ಅಪ್‌ಡೇಟ್ ಬಂದ್ ಮಾಡುವ ಬುದ್ಧಿಯನ್ನು ಹಿಂದಿನ ವರ್ಷ ಯಾರು ಕಲಿಸಿದ್ದರು ಎನ್ನುವುದನ್ನು ಮರೆಯುವಂತಿಲ್ಲ.

ಒತ್ತಾಯಿಸುವವರ ಸರಕಾದರೂ ಚೆನ್ನಾಗಿರಬೇಕಲ್ಲ. 2018ರ ಅಕ್ಟೋಬರ್ 2ರಂದು ಬಂದ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್, ಫೋಟೊಗಳನ್ನೇ ಅಳಿಸಿಹಾಕಿತು. ನಾಲ್ಕು ದಿನದಲ್ಲಿ ಹಂಚಿಕೆ ನಿಲ್ಲಿಸಬೇಕಾಯಿತು. ಮುಂಚಿತವಾಗಿ ಪರೀಕ್ಷಿಸುತ್ತಿದ್ದ ಸ್ವಯಂಸೇವಕರಲ್ಲಿ ಕೆಲವರು ಇದೇ ದೂರನ್ನು ಮೊದಲೇ ಬರೆದಿದ್ದರು, ದೂರುಗಳ ರಾಶಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಟ ಸಡಿಲವಾದದ್ದು ಕಂತು ಕಂತಾಗಿ. ಕೆಲಸದ ಹೊತ್ತನ್ನು ಗುರುತು ಮಾಡಿಟ್ಟರೆ ಆ ಅವಧಿಯಲ್ಲಿ ರೀಸ್ಟಾರ್ಟ್ ಮಾಡುವುದಿಲ್ಲ ಎಂಬ ಏರ್ಪಾಡು ಬಂತು. 2017ರಲ್ಲಿ ಆ ಮಿತಿ ದಿನಕ್ಕೆ 18 ಗಂಟೆಗೆ ಏರಿತು. ರಾತ್ರಿಪಾಳಿಯವರಿಗೂ ಸಾಲುವಷ್ಟು. 2019ರ ಮೇನಲ್ಲಿ ಹೋಮ್ ಆವೃತ್ತಿಯವರಿಗೂ 35 ದಿನದವರೆಗೆ ಅಪ್‌ಡೇಟ್ ತಡೆಹಿಡಿಯುವ ಗುಂಡಿ ಸಿಕ್ಕಿತು. ನಾಲ್ಕು ವರ್ಷದ ಜಗಳದ ಗಳಿಕೆ ಇಷ್ಟು.

2024ರ ಜುಲೈ 19ರ ಅವಾಂತರದಲ್ಲಿ ಮೈಕ್ರೋಸಾಫ್ಟ್‌ನ ಅಪ್‌ಡೇಟ್‌ನ ಪಾತ್ರವಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷವಿದ್ದ ಫೈಲೊಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತ್ತು. ಬೆಂಗಳೂರೂ ಸೇರಿ ಭಾರತದ ವಿಮಾನ ನಿಲ್ದಾಣಗಳಲ್ಲಿ ಸಾಲುಗಳು ಬೆಳೆದವು, ದೇಶದ ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ಫೈಲನ್ನು ಸಹ ಯಂತ್ರದ ಮುಂದೆ ಕೂತವರು ಯಾರೂ ಕೇಳಿ ತರಿಸಿಕೊಂಡಿರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಪ್ಯಾಚ್‌ಗಳು ನಿಂತವು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ತಕ್ಕಮಟ್ಟಿಗೆ ಹೊಸ ಪ್ರೊಸೆಸರ್ ಇರಬೇಕು. ಇವಿಲ್ಲದ ಕಂಪ್ಯೂಟರುಗಳು ಕೆಲಸಕ್ಕೆ ಇನ್ನೂ ಗಟ್ಟಿಯಾಗಿದ್ದರೂ ಲೆಕ್ಕದಿಂದ ಹೊರಗೆ. ಅಂಥವರು ಇನ್ನೊಂದು ವರ್ಷ ಪ್ಯಾಚ್ ಪಡೆಯಲು ಮೈಕ್ರೋಸಾಫ್ಟ್ ಖಾತೆ ತೆರೆದು ಸೆಟ್ಟಿಂಗ್‌ಗಳನ್ನು ಅದರ ಕ್ಲೌಡ್‌ಗೆ ಒಪ್ಪಿಸಬೇಕು, ಇಲ್ಲವೇ ಅದರ ಬಹುಮಾನದ ಅಂಕಗಳನ್ನು ಕೊಡಬೇಕು, ಅದೂ ಬೇಡವೆಂದರೆ 30 ಡಾಲರ್ ಕಟ್ಟಬೇಕು ಎಂದು ಕಂಪನಿ ಪ್ರಕಟಿಸಿತು. 2016ರಲ್ಲಿ ಕೆಂಪು ಎಕ್ಸ್ ಒತ್ತಿಯೂ ಇದೇ ವಿಂಡೋಸ್ 10 ಹಾಕಿಸಿಕೊಂಡವರು ಈಗ ಅದರ ಅಪ್‌ಡೇಟ್‌ಗಾಗಿ ಸಾಲಿನಲ್ಲಿ ನಿಂತಿದ್ದಾರೆ.